ಉಡಿ

ಇಸಿಜಿ ಕಾಗದ ಎರಡೂ ಅಂಗೈಮ್ಯಾಲ ಹಿಡಕೊಂಡು
ಗದಿಗೆವ್ವ ತಿರುಗಿ ಬಂದಳು ನನ್ನ ಖೋಲಿಗೆ.
"ಏ ತಮ್ಮಾ, ಇದರಾಗ ಸೈನಸ್ ಅಂತ ಬರದೈತಂತ,
ಝರಾಕ್ಸ್ ಅಂಗಡಿ ಹುಡುಗ ಓದಿ ಹೇಳಿದ.
ಮೂಗಿನ್ಯಾಗ ಇದ್ದದ್ದು ಎದಿಗೆ ಯಾವಾಗ ಇಳೀತೋ?"

ಬ್ಯಾಡಗಿಯಿಂದ ಮುಂಜಾನಿ ಬಸ್ಸಿಗೆ ಹುಬ್ಬಳ್ಳಿಗೆ ಬಂದಾಕಿ.
ಹದಿನೆಂಟು ವರ್ಷ ಮೆಣಸಿನಕಾಯಿ ತುಂಬು ಬಿಡಿಸ್ಯಾಳ.
ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮಿ,
ಹಂಗಂತಾರ ತಿನ್ನಾವ್ರು.
ಧೂಳಿಂದು ಆಕಿ ಮೂಗಿಗೆ ಕೇಳಬೇಕು.
ಬಗ್ಗಿದರ ಗಲ್ಲದಾಗ ಕಲ್ಲು ಉರುಳಿದಂಗ,
ಹುಬ್ಬಿನ ಮ್ಯಾಲ ಯಾರೋ ಕುಂತಂಗ.
ಮೂಗಿನ ಆಪರೇಶನ್ನಿಗೆ ಮೊದಲು ಎದಿ ನೋಡಿಸ್ರಿ ಅಂದಿದ್ರು.

"ಇದು ಮೂಗಿನದಲ್ಲವಾ.
ಎದಿ ಮ್ಯಾಗಿನ ಮೂಲ್ಯಾಗ ಸಣ್ಣ ಗಂಟೈತಿ,
ಅದರ ಹೆಸರೂ ಸೈನಸ್.
ಬಡಿತ ಅಲ್ಲಿಂದನ ಹೊಂಟೈತಿ ಅಂತ ಬರದಾರ. ಛಲೋ ಸುದ್ದಿ."

ಆಕಿ ನಂಬಲಿಲ್ಲ.
"ಒಂದ ಹೆಸರು ಇಬ್ಬರಿಗಿದ್ರ ರೇಶನ್ ಕಾರ್ಡಿನ್ಯಾಗ ಗದ್ದಲಾಗತೈತಿ,
ಮೈಯಾಗ ಆಗೂದಿಲ್ಲೇನು?"

ಇಬ್ಬರಲ್ಲವಾ, ಭಾಳ ಮಂದಿ ಅದಾರ.
ಕುತ್ತಿಗಿಯಾಗ ರಕ್ತದ ಒತ್ತಡ ಕಾಯೂ ಉಬ್ಬು ಒಂದು.
ಬಾವು ಒಡದು ವರ್ಷಾದರೂ ಮುಚ್ಚದ ತೂತು ಇನ್ನೊಂದು,
ನಮ್ಮ ಕಾಕಾನ ತೊಡಿಯಾಗಿತ್ತು,
ಧೋತರದ ಅಂಚಿಗೆ ಯಾವಾಗಲೂ ಹಳದಿ ಕಲಿ.

ಮತ್ತೊಂದು ಐತಿ.
ಅದನ್ನ ಆಕಿಗೆ ಹೇಳಲಿಲ್ಲ.

ಕಸ್ತೂರಕ್ಕ ಹಡದ ಹನ್ನೊಂದನೇ ದಿನ
ತಲಿ ಸಿಡೀತೈತಿ ಅಂದ್ಲು.
ಕುಂದಗೋಳದ ಡಾಕ್ಟರು, ಸೈನಸ್ ಇರಬಹುದು,
ಈಗಿಂದೀಗ ಹುಬ್ಬಳ್ಳಿಗೆ ಒಯ್ಯಿರಿ ಅಂದ್ರು.
ನಮಗ ಗೊತ್ತಿದ್ದ ಸೈನಸ್ ಒಂದ.
ಬಾಣಂತಿನ ಥಂಡ್ಯಾಗ ಯಾಕ ಅಂತ
ಅವ್ವ ನೀರು ಕಾಸಿದಳು, ನೀಲಗಿರಿ ಎಣ್ಣಿ ಹನಿ ಹಾಕಿ
ಕಂಬಳಿ ಹೊಚ್ಚಿದಳು.
ಪಾತೇಲಿ ಹಿಡದಾವ ನಾನು.
ಕಂಬಳಿ ತಗದಾಗ ಅಕ್ಕ ನನ್ನ ನೋಡಿ
"ನೀ ಇಬ್ಬರು ಕಾಣತೀಯೋ" ಅಂದ್ಲು.
ನಕ್ಕೆವು ನಾವು.
ಹದಿಮೂರನೇ ದಿನ ತೊಟ್ಟಿಲಕ್ಕ ಹಾಕೂದಿತ್ತು.
ಹಾಕಲಿಲ್ಲ.

ಮಿದುಳಿನ ಹೊದಿಕಿಯ ಮಡಿಕಿಯೊಳಗ
ರಕ್ತ ಎದಿಗೆ ಮರಳೂ ದಾರಿ ಇರತೈತಿ,
ಬಾಣಂತ್ಯಾರಿಗೆ ಒಮ್ಮೊಮ್ಮೆ ಅಲ್ಲೇ ಹೆಪ್ಪುಗಟ್ಟತೈತಿ.
ನನಗ ಗೊತ್ತಾದದ್ದು ಆರು ವರ್ಷದ ಮ್ಯಾಲ,
ಟೆಕ್ನಿಷಿಯನ್ ಕ್ಲಾಸಿನ್ಯಾಗ, ಊಟದ ನಂತರ,
ಅರ್ಧ ಮಂದಿ ತೂಕಡಿಸುವಾಗ.
ಮೇಡಂ ಬೋರ್ಡಿನ ಮ್ಯಾಲ ಬರದ್ರು:
ಸೈನಸ್, ಹಳೇ ಲ್ಯಾಟಿನ್ ಮಾತು. ಬಟ್ಟೆಯ ಮಡಿಕೆ. ಮಡಿಲು.
"ನಮ್ಮ ಕಡೆ ಉಡಿ ಅಂತೀವಲ್ಲ, ಅದ" ಅಂದು
ಸುಣ್ಣದ ಕೈ ಝಾಡಿಸಿದ್ರು.

ಏಳನೇ ತಿಂಗಳಾಗ ತುಂಬಿದ್ದೆವು ಅಕ್ಕನ ಉಡಿ.
ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣ ಬೇರು, ಹಸಿರು ಖಣ.
ಸೆರಗು ಗಂಟು ಹಾಕುವಾಗ ಒಂದು ಉತ್ತತ್ತಿ ಜಾರಿ
ಕಪಾಟಿನ ಕೆಳಗ ಹೋತು.
ಇರಲಿ ಬಿಡು, ಸಾಕಷ್ಟು ಐತಿ ಅಂದ್ಲು ಅವ್ವ.

"ಹಂಗಾರ ಎದಿಗೇನೂ ಇಲ್ಲ?"
ಗದಿಗೆವ್ವ ಇನ್ನೂ ನಿಂತಿದ್ಲು.
"ಏನೂ ಇಲ್ಲವಾ. ಎಲ್ಲಿಂದ ಬರಬೇಕೋ ಅಲ್ಲಿಂದನ ಬರಾಕತ್ತೈತಿ."
"ಮೂಗಿಂದು?"
"ಅದು ಐತಿ. ಹನ್ನೆರಡನೇ ಖೋಲಿಗೆ ಹೋಗು."

ಕಾಗದ ನಾಕು ಮಡಿಕಿ ಮಾಡಿ
ಉಡಿಯಾಗ ಸಿಗಿಸಿಕೊಂಡಳು.
ಸೆರಗು ಝಾಡಿಸಿದ್ದಕ್ಕ
ತೊಳದ ಸೀರಿಯಿಂದಲೂ ಎದ್ದಿತು ಘಾಟು.
ಮೂರು ಸಲ ಸೀನಿದೆ, ಕಣ್ಣಾಗ ನೀರು ಬಂತು.
"ಅಯ್ಯ ತಮ್ಮಾ, ನಿನಗೂ ಐತಲ್ಲೋ" ಅಂತ
ನಕ್ಕೋತ ಹೋದಳು.