ಎರಡು ನೀಲಿ

ಮಡಿಕೇರಿಯ ಅಂಗಡಿಯವನು ಕೈಚೆಲ್ಲಿದ:
ಈ ಬಣ್ಣ ಇನ್ನೊಂದುಂಡೆ ಇಲ್ಲ ಅಕ್ಕಾ,
ಇದಿದೆ, ಹೆಚ್ಚುಕಡಿಮೆ ಅದೇ.
ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ, ಬೇರೆಯೇ ನೀಲಿ.
ಒಂದು ಮಂಜಿನ ಒಳಗಿನದು,
ಇನ್ನೊಂದು ಮಂಜು ಬಿಟ್ಟ ಮೇಲಿನದು.
ಎಡತೋಳಿನಲ್ಲಿ, ಮೊಣಕೈ ಕೆಳಗೆ ಬಂತು ಅವೆರಡರ ಗಡಿ.
ಕಾಣಲಾರದು ಅಂದುಕೊಂಡೆ.

ನಾಪೋಕ್ಲು ಅಂಚೆ ಕಚೇರಿ, ಎರಡನೇ ಕಿಟಕಿ, ನಾನು.
ಊಟದ ಹೊತ್ತಿಗೆ ಯಾರೂ ಬರುವುದಿಲ್ಲ.
ಪಾಸ್‌ಬುಕ್ಕುಗಳ ಪಕ್ಕದಲ್ಲಿ ಉಂಡೆ ಉರುಳುತ್ತಿತ್ತು
ಎರಡು ಸೀದಾ, ಎರಡು ಉಲ್ಟಾ,
ಒಂದು ರಿಜಿಸ್ಟರ್ಡ್,
ಮತ್ತೆ ಎರಡು ಸೀದಾ.
ಎಪ್ಪತ್ತು ದಿನ.
ಕೂಲಿ ಕಟ್ಟಿದ್ದರೆ ಒಂದು ಕರು ಬರುತ್ತಿತ್ತು
ಎಂದರು ಮೊಣ್ಣಪ್ಪ, ಪೇಪರಿನಿಂದ ತಲೆಯೆತ್ತದೆ.

ಪುತ್ತರಿಯ ಹಿಂದಿನ ಸಂಜೆ ಮಾಚವ್ವ ಚಿಕ್ಕಮ್ಮನಿಗೆ ಕೊಟ್ಟೆ.
ಎದೆಗೆ ಹಿಡಿದು ನೋಡಿದಳು. 'ಚಾಯಿ ಉಂಡ್' ಅಂದಳು.
ಎರಡೇ ಮಾತು. ಆಮೇಲೆ ಬೀರುವಿನ ಬಾಗಿಲು.

ಕೊಡುವಾಗ, ಹಾಕದಿದ್ದರೂ ಪರವಾಗಿಲ್ಲ, ಇಟ್ಟುಕೋ
ಎಂದವಳು ನಾನೇ.
ವಿರಾಜಪೇಟೆಯ ಮದುವೆಯಲ್ಲಿ,
ಭಾಗಮಂಡಲದ ಬಸ್ಸಿನಲ್ಲಿ,
ಕಾಫಿ ಒಣಗುವ ಕಣದಲ್ಲಿ ಬೆಳಗಿನ ಏಳಕ್ಕೆ
ಅವಳ ಮೈಮೇಲೆ ಕಣ್ಣಿಂದಲೇ ತಡಕಿದವಳೂ ನಾನೇ.
ಅದೇ ಹಳೆಯ ಕಂದು ಸ್ವೆಟರು, ನುಸಿ ತಿಂದ ಕಾಲರು.
ದಾನದ ಎತ್ತಿನ ಹಲ್ಲು ಎಣಿಸಬಾರದಂತೆ ಪಡೆದವರು.
ಕೊಟ್ಟವರು ಎಣಿಸಿದರೆ?
ಅದಕ್ಕೊಂದು ಗಾದೆ ಯಾರೂ ಮಾಡಿಟ್ಟಿಲ್ಲ.

ಮಗಳ ಬಾಣಂತನಕ್ಕೆ ಬಂದಳು, ಕೈಯಲ್ಲಿ ಕಾಗದದ ಪೊಟ್ಟಣ.
ಒಂದು ಟೊಪ್ಪಿ. ಜೊತೆ ಕಾಲುಚೀಲ.
ಹಿಮ್ಮಡಿಯ ಹತ್ತಿರ ಒಂದು ನೀಲಿ ಮುಗಿದು
ಇನ್ನೊಂದು ನೀಲಿ ಶುರು.
ಒಳಮಗ್ಗುಲು ತಿರುವಿ ನೋಡಿದೆ:
ನನ್ನದೇ ಗಂಟು, ಎಂಜಲು ಹಚ್ಚಿ ಹೊಸೆದು ಹಾಕಿದ್ದು,
ಹಾಗೇ ಕೂತಿದೆ.

ಬಿಚ್ಚಿದ ಉಣ್ಣೆ ತಾನು ಏನಾಗಿತ್ತೆಂದು ಮರೆಯುವುದಿಲ್ಲ,
ಸುರುಳಿ ಸುರುಳಿಯಾಗಿ ಹಟ ಮಾಡುತ್ತದೆ.
ನೀರಲ್ಲಿ ನೆನೆಸಬೇಕು, ಕಲ್ಲು ಕಟ್ಟಿ ತೂಗಬೇಕು,
ಎರಡು ದಿನ, ಮೋಡವಿದ್ದರೆ ನಾಲ್ಕು.
ಇಷ್ಟೆಲ್ಲ ಮಾಡಿದ್ದಾಳೆ, ಗಂಟು ಮಾತ್ರ ಕತ್ತರಿಸಿಲ್ಲ.
ಕಂಕುಳಲ್ಲಿ ಬಿಗಿ ಇತ್ತೇನೋ. ಬಣ್ಣ ಹಿಡಿಸಲಿಲ್ಲವೇನೋ.
ಕೊಟ್ಟವಳು ನಾನೆಂದೇ ಮರೆತಿರಬಹುದು,
ವಯಸ್ಸು ಎಪ್ಪತ್ತೊಂಬತ್ತು.
ಒಂದು ಸ್ವೆಟರಿಗೆ ಎಷ್ಟು ಕಾಲುಚೀಲ?
ಕಿಟಕಿಯ ಬುದ್ಧಿ, ಬಡ್ಡಿಯ ಸಮೇತ ಕೂಡಿಸಿದೆ:
ಈ ನಾಡಿನಲ್ಲಿ ಇನ್ನೂ ಹತ್ತು ಹನ್ನೆರಡು ಪುಟ್ಟ ಕಾಲು
ನನ್ನ ಊಟದ ಹೊತ್ತಿನಲ್ಲಿ ಬೆಚ್ಚಗಿರಬೇಕು.

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು,
ನಾನು ಕಳೆದ ವರ್ಷ ಅವಳದನ್ನು ನೋಡಿದ ಹಾಗೆ.
'ಚಾಯಿ ಉಂಡ್' ಅಂದೆ.

ಮಗು ಒಂದು ನಿಮಿಷವೂ ತಡೆಯಲಿಲ್ಲ,
ಎಡಗಾಲಿನದನ್ನು ಒದ್ದು ಕಳಚಿತು.
ಎತ್ತಲು ಇಬ್ಬರೂ ಒಟ್ಟಿಗೇ ಬಗ್ಗಿದೆವು,
ಹಣೆಗೆ ಹಣೆ ತಾಗಿತು.