ಗೆರೆಯ ದಪ್ಪ

ಕುರಿಟೀಬಾದ ಜೂನ್ ಚಳಿಗೆ ಪೆನ್ಸಿಲ್ಲೂ ಸೆಟೆದು ನಿಲ್ಲುತ್ತಿತ್ತು.
ಇಪ್ಪತ್ತಮೂರರ ಹುಡುಗಿ ನಾನು, ನಕ್ಷೆಕೋಣೆಯಲ್ಲಿ ಒಬ್ಬಳೇ ಹೆಣ್ಣು,
ಬಾಯಲ್ಲಿ ಬೇಯಿಸಿದ ಪೈನ್ ಬೀಜ, ಕೈಗೆ ಬೆರಳು ಕತ್ತರಿಸಿದ ಉಣ್ಣೆಗವಸು.
“ಎಳೆ, ಲೆಯೊಕಾಡಿಯ,” ಎಂದರು ಹಿರಿಯ ಇಂಜಿನಿಯರು,
“ಇಲ್ಲಿಂದ ಅಲ್ಲಿಗೆ. ಒಂದೇ ಉಸಿರಿಗೆ.”
ಎಳೆದೆ.

ಬಸ್ಸು ಓಡುವಲ್ಲಿ ಮನೆ ಎತ್ತರವಾಗಲಿ,
ಮನೆ ಎತ್ತರವಾದಲ್ಲಿ ಬಸ್ಸು ತಪ್ಪದೆ ಬರಲಿ:
ಇಷ್ಟೇ ಅವರ ಮಂತ್ರ. ಈಗಲೂ ನಂಬುತ್ತೇನೆ.
ಗೆರೆಯಿಂದ ದೂರ ಸರಿದಂತೆಲ್ಲ ಮಹಡಿ ಕಮ್ಮಿ,
ಇಪ್ಪತ್ತು, ಆರು, ಎರಡು,
ಆಮೇಲೆ ಹೆಂಚಿನ ಒಂಟಿ ಮನೆ, ಹಿತ್ತಲು, ಬೊಗಳುವ ನಾಯಿ.
ಮಲಗಿದ ದನದ ಬೆನ್ನಿನ ಹಾಗೆ
ಊರು ನಡುವೆ ಉಬ್ಬಿ ಬದಿಗೆ ಇಳಿಯಬೇಕು.

ಇಳಿಯಿತು. ಎರಡು ನಡುವಿನ ಕೆಂಪು ಬಸ್ಸು ಬಂತು,
ಎರಡನ್ನೂ ಬಳುಕಿಸುತ್ತ.
ಗಾಜಿನ ಕೊಳವೆಯಂಥ ನಿಲ್ದಾಣ, ಬಾಗಿಲಿಗೆ ಮೆಟ್ಟಿಲಿಲ್ಲ,
ಮಗುವಿನ ಗಾಡಿ ತಳ್ಳುತ್ತ ಒಬ್ಬಳು
ಯಾರ ಕೈಯನ್ನೂ ಬೇಡದೆ ಒಳಗೆ ಹೋದಳು.
ಅವತ್ತು ಅತ್ತೆ. ಹೆಮ್ಮೆಗೆ.

ಒಂದು ಮಾತು ಯಾರಿಗೂ ಹೇಳಿರಲಿಲ್ಲ.
ಆ ನಕ್ಷೆಯಲ್ಲಿ ಒಂದು ಮಿಲಿಮೀಟರಿಗೆ ಹತ್ತು ಮೀಟರು.
ನನ್ನ ಪೆನ್ಸಿಲ್ಲಿನ ಮೊನೆ ಅರ್ಧ ಮಿಲಿಮೀಟರು.
ಗೆರೆಯ ದಪ್ಪದೊಳಗೇ, ಹಾಗಾದರೆ, ಐದು ಮೀಟರು:
ಒಂದು ಅಡುಗೆಮನೆ, ಅದರ ಕಿಟಕಿ,
ಕಿಟಕಿಯ ಸರಳಿಗೆ ಒಣಹಾಕಿದ ಲಂಗ.
ಗೆರೆಯಾಚೆಗೆ, ಒಂದು ನಿಂಬೆಗಿಡ.
ಜುರೇಮಾಳ ಅಮ್ಮನ ಮನೆ. ಗಿಡಕ್ಕೆ ನೀರು ಹಾಕುತ್ತಿದ್ದದ್ದು
ಎಂಟು ವರ್ಷದ ಜುರೇಮಾ.

ನಾನೆಳೆದದ್ದು ಗೆರೆ. ಅವರಿಗದು ಬರೆ.
ಪರಿಹಾರ ಕೊಟ್ಟರು, ಸುಳ್ಳು ಹೇಳಲಾರೆ.
ಆದರೆ ಗೆರೆ ಸೋಕಿದ ಮಣ್ಣೆಲ್ಲ ಅಷ್ಟರಲ್ಲಿ ಚಿನ್ನ,
ಕೊಟ್ಟ ದುಡ್ಡಿಗೆ ಅಲ್ಲಿ ಒಂದು ಬಾಗಿಲೂ ಬರುತ್ತಿರಲಿಲ್ಲ.
ಕೆಂಪು ಬಸ್ಸು ಬೆನ್ನು ತಿರುಗಿಸುವ ಕೊನೆಯ ಟರ್ಮಿನಲ್ಲು,
ಅಲ್ಲಿಂದ ಇನ್ನೊಂದು ಬಸ್ಸು, ಬಂದರೆ,
ಅದರಾಚೆ ಕೆಸರು. ಕೆಸರಿನಾಚೆ ಮನೆ.
ಈಗ ಅಜ್ಜಿಯಾಗಿರುವ ಜುರೇಮಾ ನಾಲ್ಕಕ್ಕೆ ಎದ್ದು ಬರುತ್ತಾಳೆ,
ನಿಂಬೆಗಿಡವಿದ್ದ ಜಾಗದಲ್ಲಿ ಎದ್ದ ಕಟ್ಟಡದ
ಹದಿನೇಳನೆಯ ಮಹಡಿಯ ನೆಲ ಒರೆಸಲು.

ಇದನ್ನೆಲ್ಲ ಅವಳೇ ಹೇಳಿದ್ದು, ಕೊಳವೆಯೊಳಗೆ, ಬಸ್ಸು ಕಾಯುತ್ತ.
ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ.
ಹಳೇ ಚಟ, ಕೇಳಿದೆ:
ಮನೆಗೂ ನಿಲ್ದಾಣಕ್ಕೂ ಎಷ್ಟು ದೂರ ಇರಬೇಕು?
(ನಮ್ಮ ಕೈಪಿಡಿಯಲ್ಲಿ ನಾನೂರು ಮೀಟರು.)
“ಅಮ್ಮ ಒಲೆ ಮೇಲೆ ಹಾಲಿಟ್ಟು ಬಂದು
ನನ್ನನ್ನು ಶಾಲೆಯ ಬಸ್ಸಿಗೆ ಹತ್ತಿಸುತ್ತಿದ್ದಳು.
ಒಂದು ದಿನವೂ ಉಕ್ಕಿದ್ದಿಲ್ಲ.”

ನಿನ್ನೆ ಸಭೆ. ಹಳೇ ಡಿಪೋ ಜಾಗದಲ್ಲಿ ಹೊಸ ಬಡಾವಣೆಯಂತೆ.
ಎಡೆನಿಲ್ಸನ್ ಅಂತ ಹುಡುಗ, ಪರದೆಯ ಮೇಲೆ ಗೆರೆ ತೋರಿಸಿದ.
ಹಿಗ್ಗಿಸಿದ. ಇನ್ನೂ ಹಿಗ್ಗಿಸಿದ.
ಹೆಂಚು ಕಂಡಿತು, ಹೆಂಚಿನ ಮೇಲೆ ಬಿಸಿಲು ಕಾಯುವ ಬೆಕ್ಕು ಕಂಡಿತು,
ಗೆರೆ ಮಾತ್ರ ಕೂದಲೆಳೆಯಷ್ಟೇ ಉಳಿಯಿತು.
ದಪ್ಪವೇ ಇಲ್ಲದ ಗೆರೆ!
ಅದರಡಿ ಯಾರಿದ್ದಾರೆಂದು ಇವನಿಗೆ ಹೇಗೆ ಗೊತ್ತಾಗಬೇಕು?

ಕೈಯೆತ್ತಿದೆ. ಎಪ್ಪತ್ತೈದರ ಕೈ, ಕೊಂಚ ನಡುಗುತ್ತದೆ.
“ಮಗೂ, ಅಲ್ಲಿ ಮೊದಲ ಬೀಗದಕೈ ಯಾರಿಗೆ?”
ಪಟ್ಟಿ ಇನ್ನೂ ಆಗಿಲ್ಲ, ಎಂದ.
ಸಭ್ಯ ಹುಡುಗ. ಬರೆದುಕೊಂಡ.

ಹೆಸರು ಹೇಳಿಸೋಣವೆಂದು ಪಕ್ಕಕ್ಕೆ ತಿರುಗಿದರೆ
ಜುರೇಮಾ ನಿದ್ದೆಹೋಗಿದ್ದಾಳೆ, ನನ್ನ ಭುಜಕ್ಕೆ ತಲೆಯಿಟ್ಟು,
ಮಡಿಲಲ್ಲಿ ಒದ್ದೆ ಗವಸಿನ ಚೀಲ.
ಅವಳ ಬಸ್ಸಿಗೆ ಇನ್ನೂ ನಲವತ್ತು ನಿಮಿಷವಿತ್ತು.
ಎಬ್ಬಿಸಲಿಲ್ಲ.