ಸೈಬಣ್ಣೋವ್ನಾ

ದರದ ಪಟ್ಟಿ ಮೊದಲು ಹೋಗಲಿ ಎಂದ ಸೋದರಳಿಯ ಚನ್ನವೀರ.
ಹೋಯಿತು. ಉತ್ತರವಿಲ್ಲ.
ಹನ್ನೊಂದು ದಿನಕ್ಕೊಂದು ಫೋನು, ನಡುವೆ ದುಭಾಷಿ ಹುಡುಗಿ.
ಮೊದಲ ಸಲ ಬಿಸಿಲು ಎಷ್ಟೆಂದು ಕೇಳಿದ.
ಎರಡನೆಯ ಸಲ ನನ್ನ ಮೊಣಕಾಲು.
ಮೂರನೆಯ ಸಲ ತನ್ನ ನಾಯಿ ಸತ್ತದ್ದು ಹೇಳಿ
ಬಹಳ ಹೊತ್ತು ಸುಮ್ಮನಿದ್ದ.
ಚೌರಸ ಅಡಿಗೆ ಎಷ್ಟೆಂಬ ಮಾತೇ ಇಲ್ಲ.
'ಇಂವ ಟೈಂಪಾಸ್ ಗಿರಾಕಿ ಅದಾನ ಅತ್ತಿ.'

ಏಪ್ರಿಲ್ಲಿನಲ್ಲಿ ಬಂದೇಬಿಟ್ಟ ಗೆನ್ನಾದಿ ಪಾವ್ಲೊವಿಚ್,
ಶಹಾಬಾದಿನ ಸುಡು ಮಧ್ಯಾಹ್ನ,
ದಪ್ಪ ಕೋಟು ಮಗುವಿನ ಹಾಗೆ ತೋಳಿನಲ್ಲಿ.
ಹೊಸ್ತಿಲ ಒಳಗಿಂದಲೇ ಕೈ ಚಾಚಿದೆ.
ಹಿಡಿಯಲಿಲ್ಲ.
ಚನ್ನವೀರನ ಮುಖ ಸುಣ್ಣ.
ದಾಟಿ ಒಳಬಂದು ಹಿಡಿದ, ಎರಡೂ ಕೈಯಿಂದ.
ಹೊಸ್ತಿಲ ಮೇಲಿನ ಕೈಕುಲುಕು ಅವರಲ್ಲಿ ಜಗಳ ತರುತ್ತದಂತೆ.
ನಮ್ಮವ್ವ ಹೆಪ್ಪಿನ ಮೊಸರನ್ನೂ
ಹೊಸ್ತಿಲ ಮೇಲೆ ಕೊಟ್ಟವಳಲ್ಲ;
ಹೇಳಹೋದೆ, ಹೆಪ್ಪಿಗೆ ಶಬ್ದ ಸಿಗದೆ
ದುಭಾಷಿ ಅಲ್ಲೇ ನಿಂತಳು.

ಅವನು ನಗುವವನಲ್ಲ.
ಖಣಿಯಲ್ಲಿ ನಮ್ಮಪ್ಪನೂ ನಗುತ್ತಿರಲಿಲ್ಲ.
ಉಳಿಯಿಂದ ಫರ್ಸಿ ತಟ್ಟಿ, ಕಿವಿಯಿಟ್ಟು,
ಒಳಗೆ ಬಿರುಕಿದ್ದರೆ ಕಲ್ಲು ಕಿವುಡಾಗಿ ಮಾತಾಡುತ್ತದೆ ಎನ್ನುತ್ತಿದ್ದ.
ಅಕ್ಷರ ಬಾರದವ. ತಾನು ಎಬ್ಬಿಸಿದ ಕಲ್ಲಿನ ಥಪ್ಪಿಗೆ
ಕೆಮ್ಮಣ್ಣಿನಲ್ಲಿ ಮೂರು ಗೀಟು, ಒಂದು ಚುಕ್ಕಿ.
ಶನಿವಾರದ ಪಗಾರ ಆ ಚುಕ್ಕಿಯ ಮೇಲೆ.

ಊಟಕ್ಕೆ ಕೂತೆವು.
ಶೇಂಗಾ ಹಿಂಡಿಗೆ ಅವನಿಗೆ ಏಳು ಸೀನು, ಎಣಿಸಿದ್ದೇನೆ.
ಬಟ್ಟೆ ಬಿಚ್ಚಿ ತನ್ನೂರ ಕರಿ ಬ್ರೆಡ್ಡು ಮುರಿದುಕೊಟ್ಟ,
ಹುಳಿ. ಪುಂಡಿ ಪಲ್ಯ ಹಚ್ಚಿ ತಿಂದೆ.
ಆಗ ಕೇಳಿದ:
ನಿಮ್ಮ ತಂದೆಯ ಹೆಸರೇನು?

ಯಾಕೆ?
ಬರೀ ಹೆಸರಿನಿಂದ ಮಕ್ಕಳನ್ನು ಕರೆಯಬಹುದು, ನಿಮ್ಮನ್ನಲ್ಲ.

ಮೂವತ್ತೊಂದು ವರ್ಷ ಯಾರೂ ಕೇಳಿರಲಿಲ್ಲ.
ಪಹಣಿಯಲ್ಲಿ ನಾನು ಜಗದೇವಿ ಗಂಡ ಅಣವೀರಪ್ಪ,
ರೇಷನ್ ಕಾರ್ಡಿನಲ್ಲಿ, ಬ್ಯಾಂಕಿನಲ್ಲಿ, ಪಾಲಿಶ್ ಕಾರ್ಖಾನೆಯ ಲೈಸೆನ್ಸಿನಲ್ಲಿ.
ಸತ್ತು ಹನ್ನೆರಡು ವರ್ಷವಾದರೂ ಅಲ್ಲೆಲ್ಲ ಕೂತಿದ್ದಾನೆ,
ಒಳ್ಳೆಯವನೇ, ಪಾಪ.

ಸೈಬಣ್ಣ, ಎಂದೆ. ದನಿ ಯಾಕೋ ಸಣ್ಣಗೆ ಬಂತು.
ಉಪ್ಪು ನೋಡುವವನಂತೆ ನಾಲಗೆಯಲ್ಲಿ ಹೊರಳಿಸಿ
ಅವನೆಂದ: ಜಗದೇವಿ ಸೈಬಣ್ಣೋವ್ನಾ.

ಅದೇ ಹೊತ್ತಿಗೆ ಯಂತ್ರಗಳು ನಿಂತವು,
ಕರೆಂಟು ಹೋಗಿತ್ತು, ಬೇರೇನಲ್ಲ.
ಅಂಗಳಕ್ಕೆಲ್ಲ ಕೇಳಿತು.
ಇದೇ ಅಂಗಳದಲ್ಲಿ ಹಳೆಯ ಸಾಹುಕಾರ
ಆ ಹೆಸರಿನವನನ್ನು 'ಏ' ಎಂದು ಕರೆಯುತ್ತಿದ್ದ.

ದರಕ್ಕೆ ಬಂದಾಗ ಅವನೂ ಬಿಡಲಿಲ್ಲ, ನಾನೂ ಬಿಡಲಿಲ್ಲ.
ಎರಡು ರೂಪಾಯಿಗೆ ರಾತ್ರಿ ಒಂಬತ್ತಾಯಿತು,
ನಾಲ್ಕು ಸಲ ಚಹಾ, ಎರಡು ಸಲ ಸಿಟ್ಟು.

ಮೊದಲ ಕಂಟೇನರಿನ ಬಿಲ್ಲಿಗೆ
ಅವನು ಕರೆದ ಹಾಗೇ ಹೆಸರು ಬರೆದು ಸಹಿ ಹಾಕಿದೆ.
ಬ್ಯಾಂಕಿನಿಂದ ವಾಪಸ್ಸು: ಹೆಸರು ತಾಳೆಯಾಗುತ್ತಿಲ್ಲ.
ಮತ್ತೆ ಅಣವೀರಪ್ಪನನ್ನು ಕೂಡಿಸಿ ಕಳಿಸಿದೆ.
ಆಮೇಲೆ, ಹಮಾಲರು ಬೀಡಿಗೆ ಹೋದಾಗ,
ಕಡೆಯ ಪೆಟ್ಟಿಗೆಯ ಮುಂದೆ ಕೂತು
ಸ್ವಲ್ಪ ಕೆಮ್ಮಣ್ಣು ಕಲಸಿದೆ.

ಎರಡು ತಿಂಗಳಿಗೆ ಫೋನು.
'ಜಗದೇವಿ ಸೈಬಣ್ಣೋವ್ನಾ, ಮೊಣಕಾಲು?'
ಕಡಿಮಿ ಅದ, ಎಂದೆ.
ನಾಯಿಮರಿ ತಂದಿದ್ದಾನಂತೆ, ಚಪ್ಪಲಿ ಕಡಿಯುತ್ತದಂತೆ.
ಆಮೇಲೆ ಹೇಳಿದ: ನಲವತ್ತು ಕಲ್ಲು ಒಡೆದಿವೆ.
ಅರ್ಧ ನಾನು ಹೊರುವೆ, ಅರ್ಧ ನೀವು.
ಹೂಂ ಎಂದೆ.
ಮತ್ತೊಂದು ಕಲ್ಲಿನ ಬೆನ್ನಿಗೆ ಕೆಂಪು ಗೀಟುಗಳಿವೆ,
ಮೂರು, ಪಕ್ಕಕ್ಕೊಂದು ಚುಕ್ಕಿ. ಲೆಕ್ಕದ ಗುರುತೇ?

ಲೆಕ್ಕದ್ದೇ, ಎಂದೆ.
ಅದೂ ಒಡೆದಿದೆಯೇ ಎಂದು ಕೇಳಲಿಲ್ಲ.